ಹೂವಿಲ್ಲದ ವರ್ಷದಲ್ಲಿ ನೀಲಕುರಿಂಜಿ: ಬೆಂಗಳೂರಿನಿಂದ ಹೊರಡುವವರಿಗೆ ಗಿಡ ಗುರುತಿಸುವ, ದಾಖಲಿಸುವ ಕ್ರಮ

ಮುಳ್ಳಯ್ಯನಗಿರಿ ನೀಲಿಯಾಗಿದೆ ಎಂಬ ವಿಡಿಯೊ ಓಡಾಡಿದ ವಾರಾಂತ್ಯ ನೆಲಮಂಗಲದ ಟೋಲ್‌ನಲ್ಲಿ ಕಾರುಗಳ ಸಾಲು ಉದ್ದವಾಗುತ್ತದೆ. ಅದೇ ಗುಡ್ಡಕ್ಕೆ ಹಿಂದಿನ ವರ್ಷಗಳಲ್ಲೂ ಹೋಗಿಬಂದವರು ಬೇಕಾದಷ್ಟು ಜನ. ಅದೇ ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ, ಗಿಡ ಗೊತ್ತಾಗಿಲ್ಲ ಅಷ್ಟೆ. ನೀಲಕುರಿಂಜಿ ಹೂಬಿಡುವುದು ಹನ್ನೆರಡು ವರ್ಷಕ್ಕೊಮ್ಮೆ. ಹೂವಿದ್ದಾಗ ಅದನ್ನು ಯಾರು ಬೇಕಾದರೂ ಗುರುತಿಸಿಯಾರು. ಇಲ್ಲಿ ಹೇಳುವುದು ಉಳಿದ ಹನ್ನೊಂದು ವರ್ಷದ ಕೆಲಸ: ಗೆಣ್ಣು, ಎಲೆ, ಇಳಿಜಾರು ನೋಡಿ ಗಿಡವನ್ನು ಹಿಡಿಯುವುದು, ಅದರ ಲೆಕ್ಕ ಬರೆದಿಡುವುದು.

ಹೆಸರು ಮೊದಲು. ಸಸ್ಯಶಾಸ್ತ್ರದಲ್ಲಿ ಸ್ಟ್ರೊಬಿಲಾಂಥಿಸ್ ಕುಂತಿಯಾನ, ಕುಟುಂಬ ಅಕ್ಯಾಂಥೇಸೀ. ಮಲೆನಾಡಿನ ಬಾಯಲ್ಲಿ ಗುರಿಗೆ, ಗುರ್ಗಿ. ಆದರೆ ಗುರಿಗೆ ಎಂದರೆ ಇದೊಂದೇ ಜಾತಿ ಎಂದುಕೊಳ್ಳಬೇಡಿ. ಈ ಕುಲದಲ್ಲಿ ಜಗತ್ತಿನಾದ್ಯಂತ ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಗಳಿವೆ, ಪಶ್ಚಿಮಘಟ್ಟದಲ್ಲೇ ಹತ್ತಾರು, ಊರವರು ಅವುಗಳಲ್ಲಿ ಹಲವನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ಪತ್ರಿಕೆಗಳಲ್ಲಿ ಬರುವ 'ನೀಲಕುರಿಂಜಿ ಅರಳಿತು' ಸುದ್ದಿಗಳಲ್ಲಿ ಅರ್ಧ ಗೊಂದಲ ಹುಟ್ಟುವುದು ಇಲ್ಲಿಂದಲೇ.

ಗಾಳಿಗೆ ಒಡ್ಡಿಕೊಂಡ ಹುಲ್ಲುಗಾವಲಲ್ಲಿ ಇದು ಮೊಣಕಾಲೆತ್ತರದ ಅರೆಪೊದೆ, ಹೆಚ್ಚೂ ಕಡಿಮೆ 30ರಿಂದ 60 ಸೆಂಟಿಮೀಟರ್. ಬುಡದ ಒಂದು ಗೇಣು ಕಟ್ಟಿಗೆಯಂತೆ ಗಟ್ಟಿ, ಮೇಲಿನ ಚಿಗುರು ಸೊಪ್ಪಿನಂತೆ ಮೆದು. ಅರೆಪೊದೆ ಅನ್ನುವುದು ಈ ಎರಡೂ ಒಂದೇ ಗಿಡದಲ್ಲಿ ಇರುವುದಕ್ಕೆ. ಗಾಳಿ ತಾಗದ ಮಡಿಕೆಗಳಲ್ಲಿ, ಮಣ್ಣು ಆಳವಿದ್ದಲ್ಲಿ ಇದೇ ಗಿಡ ಆಳೆತ್ತರಕ್ಕೂ ಹೋಗುತ್ತದೆ. ಹಾಗಾಗಿ ಎತ್ತರ ನೋಡಿ ಜಾತಿ ತೀರ್ಮಾನಿಸುವುದು ಮೊದಲ ತಪ್ಪು.

ಬೆಂಗಳೂರಲ್ಲೇ ಕಣ್ಣು ಪಳಗಿಸಿಕೊಳ್ಳಿ

ಗುಡ್ಡಕ್ಕೆ ಹೋಗಿ ಕಲಿಯಲು ಹೊರಟರೆ ಮಂಜು, ಗಾಳಿ, ಹಿಂದೆ ನಿಂತ ಜೀಪಿನವರ ಅವಸರ ಯಾವುದೂ ಬಿಡುವುದಿಲ್ಲ. ಇದರ ನೆಂಟರು ಮನೆ ಮುಂದೆಯೇ ಇದ್ದಾರೆ. ಕನಕಾಂಬರ, ಗೋರಂಟೆ, ಆಡುಸೋಗೆ, ನೆಲಬೇವು ಎಲ್ಲವೂ ಅಕ್ಯಾಂಥೇಸೀ ಕುಟುಂಬದವೇ. ಖಾಲಿ ಸೈಟುಗಳಲ್ಲಿ, ಪಾರ್ಕಿನ ಬೇಲಿಯಂಚಿನಲ್ಲಿ ತಿಳಿನೇರಳೆ ಹೂ ಬಿಡುವ, ಮಕ್ಕಳು ಒಣಗಿದ ಕಾಯಿಯನ್ನು ನೀರಿಗೆ ಹಾಕಿ ಪಟ್ ಎನ್ನಿಸುವ ಪಟಾಕಿ ಕಾಯಿ ಗಿಡ, ಅಂದರೆ ರುಯೆಲಿಯಾ ಟ್ಯೂಬರೋಸಾ, ಇನ್ನೂ ಒಳ್ಳೆಯ ಪಾಠ. ಹತ್ತುಪಟ್ಟು ಹಿಗ್ಗಿಸುವ ಕೈಮಸೂರ ಒಂದನ್ನು ಕೊಂಡು ಇವುಗಳ ಮೇಲೆ ನಾಲ್ಕು ಸಂಗತಿ ನೋಡಿ.

ಒಂದು, ಎಲೆ ಜೋಡಣೆ. ಒಂದು ಗೆಣ್ಣಲ್ಲಿ ಎರಡೆಲೆ ಎದುರುಬದುರು. ಮುಂದಿನ ಗೆಣ್ಣಿನ ಜೊತೆ ಇದಕ್ಕೆ ಅಡ್ಡವಾಗಿ. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆ ಕಾಣಬೇಕು.

ಎರಡು, ಗೆಣ್ಣು. ದಂಟು ಗೆಣ್ಣಿನಲ್ಲಿ ಬೆರಳಿನ ಕೀಲಿನಂತೆ ಉಬ್ಬಿರುತ್ತದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ.

ಮೂರು, ಎಲೆಯ ಮೇಲ್ಮೈಯಲ್ಲಿ ಚುಕ್ಕಿಯಂಥ, ಗೀಟಿನಂಥ ಬಿಳಿ ಗುರುತುಗಳು. ಇವು ಸಿಸ್ಟೊಲಿತ್‌ಗಳು, ಎಲೆಯ ಜೀವಕೋಶದೊಳಗೆ ಕಟ್ಟಿದ ಸುಣ್ಣದ ಹರಳು. ಎಲೆ ಸ್ವಲ್ಪ ಬಾಡಿದಾಗ ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ. ಆಡುಸೋಗೆ, ರುಯೆಲಿಯಾ ಎಲೆಗಳಲ್ಲಿ ಹುಡುಕಿ. ಕನಕಾಂಬರದಲ್ಲಿ ಹುಡುಕಿ ಬೇಸರಪಟ್ಟುಕೊಳ್ಳಬೇಡಿ. ಕನಕಾಂಬರ ಸೇರಿದ ಪಂಗಡಕ್ಕೆ ಈ ಹರಳುಗಳಿಲ್ಲ.

ನಾಲ್ಕು, ಕಾಯಿ. ಒಣಗಿದ ರುಯೆಲಿಯಾ ಕಾಯಿಯನ್ನು ಬಟ್ಟಲ ನೀರಿಗೆ ಹಾಕಿ, ಮುಖ ದೂರವಿಡಿ. ಸಿಡಿದ ಮೇಲೆ ಅರೆಕಾಯಿಯ ಒಳಗೆ ಮಸೂರ ಹಿಡಿದರೆ ಸಾಲಾಗಿ ಕೊಕ್ಕೆಗಳು. ಬೀಜವನ್ನು ಹೊತ್ತು ದೂರ ಎಸೆಯುವುದು ಈ ಕೊಕ್ಕೆಗಳೇ. ಎಸೆದ ಬೀಜ ಒದ್ದೆಯಾದಾಗ ಲೋಳೆ ಬಿಟ್ಟುಕೊಂಡು ನೆಲಕ್ಕೆ ಅಂಟುತ್ತದೆ. ನೀಲಕುರಿಂಜಿಯದೂ ಇದೇ ಯಂತ್ರ. ರುಯೆಲಿಯಾದಲ್ಲಿ ಬೀಜ ಹತ್ತಾರು, ಕುರಿಂಜಿಯ ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು.

ಈ ನಾಲ್ಕನ್ನು ನಾಲ್ಕು ಭಾನುವಾರ ನೋಡಿದವರಿಗೆ ಗುಡ್ಡದ ಮೇಲೆ ಅರ್ಧ ನಿಮಿಷ ಸಾಕು. ಒಣಗಿಸಿದ ಅಸಲಿ ಮಾದರಿಗಳನ್ನು ನೋಡಬೇಕೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಹರ್ಬೇರಿಯಂ ತನ್ನ ಸಸ್ಯ ದಾಖಲೆಯನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಹೊರಡುವ ಮುನ್ನ ಅಲ್ಲಿ ಈ ಕುಲದ ಪುಟ ತೆರೆದು, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ಯಾವ ಯಾವ ಜಾತಿ ಇದೆಯೆಂದು ಪಟ್ಟಿ ಮಾಡಿಕೊಳ್ಳಿ. ಪಟ್ಟಿ ಕೈಲಿದ್ದರೆ ಅನುಮಾನ ಬಂದಾಗ ಹೋಲಿಸಲು ಏನಾದರೂ ಇರುತ್ತದೆ.

ಎಲ್ಲಿ ಹುಡುಕಬೇಕು, ಏಕೆ

ಸುಮಾರು 1300ರಿಂದ 2400 ಮೀಟರ್ ಎತ್ತರದ ಶೋಲಾ ಹುಲ್ಲುಗಾವಲು ಇದರ ಮನೆ. ಮುಳ್ಳಯ್ಯನಗಿರಿ 1930 ಮೀಟರ್, ಬಾಬಾಬುಡನ್‌ಗಿರಿ 1895, ಎರಡೂ ಸರಿಯಾಗಿ ಈ ಪಟ್ಟಿಯೊಳಗೆ. ಹಾಗೆಂದು ಎತ್ತರ ಒಂದಿದ್ದರೆ ಸಾಲದು. ನಂದಿಬೆಟ್ಟವೂ 1478 ಮೀಟರ್ ಇದೆ. ಆದರೆ ಅಲ್ಲಿ ಘಟ್ಟದ ಮುಂಗಾರಿಲ್ಲ, ಶೋಲೆಯೂ ಹುಲ್ಲೂ ಹೆಣೆದುಕೊಂಡ ಗುಡ್ಡದ ಹಾಸಿಲ್ಲ. ನಂದಿಯಲ್ಲಿ ಹುಡುಕಿ ಕಾಲು ನೋಯಿಸಿಕೊಳ್ಳಬೇಡಿ.

ಶೋಲಾ ಹುಲ್ಲುಗಾವಲನ್ನು ಓದುವ ರೀತಿ ಹೀಗೆ. ನೀರು ಇಳಿದು ಬರುವ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು, ಅದೇ ಶೋಲೆ. ಅದರ ನಡುವಿನ ಉಬ್ಬು, ಏಣು, ಬೆನ್ನುಗಳ ಮೇಲೆ ಹುಲ್ಲು. ಏಣಿನ ಮೇಲೆ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿಯ ಭಯ. ಮರದ ಸಸಿ ಅಲ್ಲಿ ನೆಲೆಯೂರುವುದು ಕಷ್ಟ. ಕುರಿಂಜಿ ಇರುವುದು ಈ ಹುಲ್ಲಿನ ಭಾಗದಲ್ಲಿ, ಪೂರ್ತಿ ಬಿಸಿಲಿನಲ್ಲಿ, ನೀರು ನಿಲ್ಲದ ಇಳಿಜಾರಿನಲ್ಲಿ. ಶೋಲೆಯ ನೆರಳಿಗೆ ಹೊಕ್ಕು ಅಲ್ಲೊಂದು ಅಗಲ ಎಲೆಯ ಗುರಿಗೆ ಕಂಡರೆ ಅದು ಬಹುಪಾಲು ಬೇರೆ ಜಾತಿ. ಜೌಗಿನ ತಗ್ಗಲ್ಲಿ ಹುಡುಕುವುದೂ ದಂಡ.

ಸರ್ಕಾರಿ ದಾಖಲೆಯ ಭಾಷೆಯಲ್ಲಿ ಹುಲ್ಲುಗಾವಲು ಬಹುಕಾಲ 'ಬೀಳು'. ಬೀಳಾದ ಮೇಲೆ ಏನಾದರೂ ನೆಡಬೇಕಲ್ಲ! ಹಾಗೆ ಬಂದವೇ ಅಕೇಶಿಯಾ, ನೀಲಗಿರಿ, ಪೈನ್. ಮರ ನೆಟ್ಟಿದ್ದರಿಂದಲೇ ನಾಶವಾದ ಆವಾಸ ಇದು. ಹುಲ್ಲಿಗೆ ನೆರಳು ಬಿದ್ದರೆ ಕುರಿಂಜಿ ಮುಗಿಯಿತು. ಹಾಗಾಗಿ ಈ ಗುಡ್ಡಗಳಲ್ಲಿ ಸಸಿ ನೆಡುವ ಅಭಿಯಾನಕ್ಕೆ ಯಾರಾದರೂ ಕರೆದರೆ, ಎಲ್ಲಿ ನೆಡುತ್ತೀರಿ ಎಂದು ಮೊದಲು ಕೇಳಿ.

ಹೂವಿಲ್ಲದ ಗಿಡವನ್ನು ನೋಡಲು ಒಳ್ಳೆಯ ಕಾಲ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆ. ಮಳೆ ಹಿಂದೆಗೆದಿರುತ್ತದೆ, ಎಲೆ ತುಂಬಿರುತ್ತದೆ, ಹುಲ್ಲು ಇನ್ನೂ ಒಣಗಿರುವುದಿಲ್ಲ. ಫೆಬ್ರುವರಿ ಮೇಲೆ ಹುಲ್ಲು ಕಂದಾಗಿ, ಕಾಡ್ಗಿಚ್ಚು ಹರಡದಂತೆ ಬಿಟ್ಟ ಬೆಂಕಿ ರೇಖೆ ಸುಟ್ಟು, ಗಿಡ ಬಡವಾಗಿರುತ್ತದೆ.

ಹೊರಡುವುದು

ಬೆಂಗಳೂರಿನಿಂದ ಹಾಸನ, ಬೇಲೂರು ಮಾರ್ಗವಾಗಿ ಚಿಕ್ಕಮಗಳೂರು ಸುಮಾರು 245 ಕಿಲೊಮೀಟರ್. ವಾರದ ನಡುವೆ ಹೋಗಿ. ವಾಹನಗಳ ಮಿತಿ, ಆನ್‌ಲೈನ್ ನೋಂದಣಿಯ ನಿಯಮಗಳು ಆಗಾಗ ಬದಲಾಗುತ್ತವೆ. ಹಿಂದಿನ ದಿನವೇ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ.

ಚೀಲದಲ್ಲಿ ಇರಬೇಕಾದದ್ದು ಹೆಚ್ಚಿಲ್ಲ: ಕೈಮಸೂರ, ಪೆನ್ಸಿಲ್, ಗೀಟಿನ ಪುಸ್ತಕ, ಹತ್ತು ಮೀಟರ್ ನೈಲಾನ್ ಹಗ್ಗ, ಟೈಲರ್ ಟೇಪು, ಹತ್ತು ರೂಪಾಯಿ ನಾಣ್ಯ, ಕಪ್ಪು ಕೊಡೆ. ಪೆನ್ಸಿಲ್ಲೇ ಏಕೆಂದರೆ ಮಂಜಿನ ಹನಿಗೆ ಜೆಲ್ ಪೆನ್ನಿನ ಬರಹ ಹರಡಿ ಹೋಗುತ್ತದೆ. ನಾಣ್ಯ ಅಳತೆಗೆ, ಅದರ ವ್ಯಾಸ 27 ಮಿಲಿಮೀಟರ್.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಮನೆ ಬಿಡುವ ಮೊದಲು ಬೂಟಿನ ಅಡಿಯನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಪ್ಯಾಂಟಿನ ಮಡಿಕೆ ಕೊಡವಿ. ಬೆಂಗಳೂರಿನ ಸೈಟುಗಳ ಕೆಸರಲ್ಲಿ ಕಾಂಗ್ರೆಸ್ ಗಿಡದ ಬೀಜ ಸಾಸಿವೆಗಿಂತ ಸಣ್ಣದಾಗಿ ಅಂಟಿಕೊಂಡು ಬರುತ್ತದೆ. ಗುಡ್ಡದ ಹಾದಿಯ ಅಂಚುಗಳಲ್ಲಿ ಕಳೆ ಮೊದಲು ಕಾಣಿಸಿಕೊಳ್ಳುವುದು ಹೀಗೆ ಬಂದ ಮಣ್ಣಿನಿಂದ.

ಗಿಡದ ಮುಂದೆ

ಹಾದಿ ಬಿಟ್ಟು ಇಳಿಯದೆ, ಹಾದಿಯ ಮೇಲ್ಬದಿಯ ದಿಬ್ಬದಲ್ಲಿ ಹುಡುಕಿ. ಅಲ್ಲಿ ಗಿಡ ಎದೆಮಟ್ಟಕ್ಕೆ ಬರುವುದರಿಂದ ಬಗ್ಗುವ ಕೆಲಸವಿಲ್ಲ, ತುಳಿಯುವ ಪ್ರಮೇಯವೂ ಇಲ್ಲ. ಕಣ್ಣಿಗೆ ಮೊದಲು ಬೀಳುವುದು ಒಂದೇ ಎತ್ತರದ ಪೊದೆಗಳ ಹಾಸು. ಹುಲ್ಲಿನ ನಡುವೆ ಯಾರೋ ಕತ್ತರಿ ಆಡಿಸಿದಂತೆ ಸಮನಾಗಿ ನಿಂತಿರುತ್ತವೆ, ಏಕೆಂದರೆ ಆ ಇಳಿಜಾರಿನ ಗಿಡಗಳೆಲ್ಲ ಒಂದೇ ಮಳೆಗಾಲದಲ್ಲಿ ಮೊಳೆತ ಓರಗೆಯವು. ಬೇರೆ ಕುರುಚಲು ಗಿಡಗಳಲ್ಲಿ ಅಜ್ಜ, ಮಗ, ಮೊಮ್ಮಗ ಒಟ್ಟಿಗೇ ಇರುತ್ತಾರೆ, ಇಲ್ಲಿ ಹಾಗಿಲ್ಲ.

ಹತ್ತಿರ ಹೋಗಿ ಎಲೆ ನೋಡಿ. ತೊಟ್ಟು ಇರಬೇಕು. ಅಲಗು ಮೊಟ್ಟೆಯಾಕಾರ, ತುದಿ ಚೂಪು, ಅಂಚಿನಲ್ಲಿ ಸಣ್ಣ ಹಲ್ಲು, ಉದ್ದ ಸಾಮಾನ್ಯವಾಗಿ ಒಂದರಿಂದ ಮೂರು ಇಂಚು. ನರಗಳು ಮೇಲ್ಮೈಯಲ್ಲಿ ತಗ್ಗಿ, ಕೆಳಗೆ ಎದ್ದು ಕಾಣುತ್ತವೆ. ಒಂದು ಜೊತೆಯ ಎರಡೆಲೆಯಲ್ಲಿ ಒಂದು ಚಿಕ್ಕದಿದ್ದರೆ ರೋಗವೆಂದುಕೊಳ್ಳಬೇಡಿ, ಈ ಕುಲದಲ್ಲಿ ಅದು ಮಾಮೂಲು.

ಮೋಸ ಹೋಗುವುದು ಎಲ್ಲೆಂದರೆ, ಲಂಟಾನಕ್ಕೂ ಎದುರುಬದುರು ಎಲೆ, ಚೌಕ ದಂಟು. ಆದರೆ ಅದರ ದಂಟು ಮುಳ್ಳಿನಿಂದ ಗರಗರ, ಎಲೆ ಸವರಿದರೆ ಘಾಟು. ಕಮ್ಯುನಿಸ್ಟ್ ಗಿಡ ಎಂಬ ಕಳೆಯ ಎಲೆಯಲ್ಲಿ ಬುಡದ ಹತ್ತಿರದಿಂದಲೇ ಮೂರು ನರ ಕವಲೊಡೆಯುತ್ತವೆ. ಕುರಿಂಜಿಯಲ್ಲಿ ನಡುನರದಿಂದ ಎರಡೂ ಕಡೆ ಗರಿಯಂತೆ ಹಲವು ಜೊತೆ. ತುಂಬೆಯ ಬಳಗದ ಗಿಡಗಳೂ ಚೌಕ ದಂಟಿನವೇ, ಅವುಗಳಲ್ಲಿ ಸಿಡಿಯುವ ಕಾಯಿಯಿಲ್ಲ, ಹೂವಿನ ಪುಷ್ಪಪಾತ್ರೆಯ ತಳದಲ್ಲಿ ನಾಲ್ಕು ಪುಟ್ಟ ಕಾಳು.

ಕಷ್ಟದ ಭಾಗ ನೆಂಟರ ನಡುವೆ ಬೇರ್ಪಡಿಸುವುದು. ಟೋಪ್ಲಿ ಕಾರ್ವಿ, ಅಂದರೆ ಸ್ಟ್ರೊಬಿಲಾಂಥಿಸ್ ಸೆಸಿಲಿಸ್, ಬುಟ್ಟಿ ಬೋರಲು ಹಾಕಿದಂತೆ ದುಂಡಗೆ ಬೆಳೆಯುತ್ತದೆ, ಎಲೆಗೆ ತೊಟ್ಟಿಲ್ಲ, ಅಲಗು ನೇರ ದಂಟಿಗೇ ಕೂತಿರುತ್ತದೆ. ಅದರ ಹೂ ಏಳು ವರ್ಷಕ್ಕೊಮ್ಮೆ. ಕಾರ್ವಿ, ಸ್ಟ್ರೊಬಿಲಾಂಥಿಸ್ ಕ್ಯಾಲೋಸಾ, ಆಳು ಮೀರಿ ಬೆಳೆಯುವ ಪೊದೆ, ಎಂಟು ವರ್ಷಕ್ಕೊಮ್ಮೆ. ಆದ್ದರಿಂದ ಎಲೆತೊಟ್ಟಿನ ಫೋಟೊ ಇಲ್ಲದ ದಾಖಲೆಗೆ ಬೆಲೆಯಿಲ್ಲ. ಇಡೀ ಬೆಟ್ಟ ನೀಲಿಯಾದ ಚಿತ್ರ ನೂರಿದ್ದರೂ ಜಾತಿ ಹೇಳಲಾಗುವುದಿಲ್ಲ.

ಫೋಟೊ ಆರು ಬೇಕು: ಹಿನ್ನೆಲೆಯ ಇಳಿಜಾರಿನೊಂದಿಗೆ ಇಡೀ ಗಿಡ, ಗೆಣ್ಣು ಮತ್ತು ತೊಟ್ಟು, ಎಲೆಯ ಮೇಲ್ಮೈ, ಪಕ್ಕದಲ್ಲಿ ನಾಣ್ಯವಿಟ್ಟು ಎಲೆಯ ತಳಭಾಗ, ಬುಡದ ಕಟ್ಟಿಗೆ ಭಾಗ, ಹೂವೋ ಮೊಗ್ಗೋ ಒಣ ತೆನೆಯೋ ಇದ್ದರೆ ಅದರ ಪಕ್ಕನೋಟ. ಎಲೆಯನ್ನು ಕೀಳದೆ ಬೆರಳಿನಿಂದ ಮಡಚಿ ಹಿಡಿದರೆ ತಳಭಾಗ ಸಿಗುತ್ತದೆ. ಹೂವಿನ ಬಣ್ಣದಲ್ಲಿ ಫೋನು ಬಹಳ ಸುಳ್ಳು ಹೇಳುತ್ತದೆ; ಮಂಜಿನಲ್ಲಿ ನೇರಳೆಯನ್ನು ನೀಲಿ ಮಾಡಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ ನಿಲ್ಲಿಸಿ, ಬಿಸಿಲಿದ್ದರೆ ಕಪ್ಪು ಕೊಡೆಯ ನೆರಳಿನಲ್ಲಿ ತೆಗೆಯಿರಿ. ಫಿಲ್ಟರ್ ಹಾಕಿದ ಚಿತ್ರವನ್ನು ದಾಖಲೆಗೆ ಸೇರಿಸುವುದೇ ಬೇಡ.

ಎಣಿಕೆ

ಹಾದಿಯ ಒಂದು ನೂರು ಮೀಟರ್ ಆರಿಸಿ. ಹೆಜ್ಜೆ ನಂಬಬೇಡಿ, ಏರಿನಲ್ಲಿ ಹೆಜ್ಜೆ ಗಿಡ್ಡವಾಗುತ್ತದೆ. ಹಗ್ಗದಿಂದಲೇ ಹತ್ತತ್ತು ಮೀಟರ್ ಅಳೆಯಿರಿ. ಪ್ರತಿ ನಿಲುಗಡೆಯಲ್ಲಿ ಮೇಲ್ಬದಿಗೆ ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಚೌಕವನ್ನು ಕಣ್ಣಲ್ಲೇ ಗುರುತಿಸಿ ಗಿಡ ಎಣಿಸಿ. ಹತ್ತು ಚೌಕ ಸೇರಿ ನಲವತ್ತು ಚದರ ಮೀಟರ್. ಹಾದಿಯ ಕೆಳಬದಿ ಬೇಡ, ರಸ್ತೆ ಕಡಿದಾಗ ಬಿದ್ದ ಮಣ್ಣು ಅಲ್ಲಿನ ಲೆಕ್ಕ ಕೆಡಿಸುತ್ತದೆ.

ಬರೆಯುವ ಮಾದರಿ: 'ಚೌಕ 4. ಗಿಡ 11. ಎತ್ತರ 42, 45, 40 ಸೆಂ.ಮೀ. ಎಲೆ ಮಾತ್ರ, ಹೂವಿಲ್ಲ. ಹುಲ್ಲು ಮೊಣಕಾಲಿಗೆ. ಲಂಟಾನ ಇಲ್ಲ. ಸಗಣಿ ಇದೆ. ಸುಟ್ಟ ಗುರುತಿಲ್ಲ.' ಸ್ಥಿತಿಯನ್ನು ಐದೇ ಪದದಲ್ಲಿ ಇಡಿ: ಎಲೆ, ಮೊಗ್ಗು, ಹೂ, ಹಸಿ ಕಾಯಿ, ಒಣ. ಎತ್ತರದ ಅಂಕಿಯನ್ನು ಫೋನಿನ ಜಿಪಿಎಸ್‌ನಿಂದ ತೆಗೆದುಕೊಂಡರೆ ಹತ್ತಾರು ಮೀಟರ್ ತಪ್ಪಬಹುದು. ಸ್ಥಳದ ಗುರುತು ಫೋನಿನದಿರಲಿ, ಸಮುದ್ರಮಟ್ಟದ ಎತ್ತರವನ್ನು ನಕ್ಷೆಯ ಗೆರೆಗಳಿಂದ ಓದಿ.

'ಹೂವಿಲ್ಲ' ಎಂದು ಬರೆಯಲು ನಾಚಿಕೆ ಬೇಡ. ಹೂಬಿಟ್ಟ ವರ್ಷದ ದಾಖಲೆಗೆ ಕೊರತೆಯಿಲ್ಲ. ನಡುವಿನ ವರ್ಷಗಳದ್ದೇ ಬರ. ಹನ್ನೆರಡು ವರ್ಷದ ಲೆಕ್ಕ ಸರಿಯಾಗಿ ನಿಲ್ಲುವುದು ಒಂದೊಂದು ಇಳಿಜಾರಿಗೆ ಪ್ರತ್ಯೇಕವಾಗಿ. ನೀಲಗಿರಿ, ಮುನ್ನಾರ್ ಕಡೆ 1982, 1994, 2006, 2018ರಲ್ಲಿ ಅರಳಿ, ಮುಂದಿನದು 2030 ಎಂದು ಎಣಿಸುತ್ತಾರೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸೇರಿದ ನಮ್ಮ ಚಂದ್ರದ್ರೋಣ ಶ್ರೇಣಿಯಲ್ಲಿ 2022ರಲ್ಲಿ ದೊಡ್ಡ ಹೂಬಿಡುವಿಕೆ ನಡೆಯಿತು. ಆ ಓರಗೆಯ ಲೆಕ್ಕ 2034ಕ್ಕೆ ಬೀಳುತ್ತದೆ. ಒಂದು ಗುಡ್ಡದ ಪಂಚಾಂಗ ಪಕ್ಕದ ಗುಡ್ಡಕ್ಕೆ ಒಪ್ಪದಿರಬಹುದು. ಜೊತೆಗೆ ಪ್ರತಿ ವರ್ಷವೂ ಅಲ್ಲೊಂದು ಇಲ್ಲೊಂದು ಗಿಡ ಸರದಿ ತಪ್ಪಿ ಹೂಬಿಡುತ್ತದೆ. ಅಂಥ ನಾಲ್ಕು ಗಿಡದ ಚಿತ್ರ ಹಿಡಿದು 'ಮತ್ತೆ ಅರಳಿತು' ಎಂದು ಬರೆದರೆ ಲೆಕ್ಕವೇ ಹಾಳು. ಹತ್ತು ಚೌಕದಲ್ಲಿ ಎಷ್ಟು ಗಿಡ, ಅದರಲ್ಲಿ ಎಷ್ಟು ಹೂ ಎಂಬುದಿದ್ದರೆ ಓದುವವರೇ ತೀರ್ಮಾನಿಸುತ್ತಾರೆ.

ಈ ಗಿಡ ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ಹೂ, ತುಡುವೆ ಮತ್ತು ಹೆಜ್ಜೇನಿಗೆ ಹಬ್ಬ, ಆಮೇಲೆ ಕಾಯಿ, ಆಮೇಲೆ ಇಡೀ ಇಳಿಜಾರು ಕಂದು ಕಡ್ಡಿ. ಒಟ್ಟಿಗೆ ಹೂಬಿಡುವುದೇಕೆ ಎಂಬುದಕ್ಕೆ ಬಿದಿರಿಗೆ ಕೊಡುವ ವಿವರಣೆಯನ್ನೇ ಇಲ್ಲೂ ಕೊಡುತ್ತಾರೆ: ಬೀಜ ತಿನ್ನುವವರು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಮ್ಮೆಲೇ ಸುರಿದರೆ ಉಳಿದದ್ದು ಮೊಳೆಯುತ್ತದೆ. ಆ ಒಣ ಕಡ್ಡಿಯ ವರ್ಷವೇ ಅತ್ಯಂತ ನಾಜೂಕಿನದು. ನೋಡಲು ಸತ್ತ ಗುಡ್ಡ. ಬೀಜವೆಲ್ಲ ಮಣ್ಣಿನ ಮೇಲ್ಪದರದಲ್ಲಿ. ಆಗ ಬೆಂಕಿ ಬಿದ್ದರೆ, ಜೀಪು ಹಾದಿ ಬಿಟ್ಟು ಹತ್ತಿದರೆ, ಮುಂದಿನ ಓರಗೆಗೇ ಪೆಟ್ಟು. ಮರು ಮುಂಗಾರಿನಲ್ಲಿ ಜೋಡಿ ಎಲೆಯ ಮೊಳಕೆ ಹುಲ್ಲಿನ ಬುಡದಲ್ಲಿ ಏಳುತ್ತದೆ. ಹಾದಿಯಿಂದ ಕಾಣುವುದೂ ಇಲ್ಲ. 2022ರಲ್ಲಿ ಹೂಬಿಟ್ಟ ಇಳಿಜಾರಿನಲ್ಲಿ ಅದರ ನಂತರ ನಿಂತಿರುವುದು ಆ ಬೀಜದ ಮಕ್ಕಳು.

ಕುಂಡದಲ್ಲಿ ಬೆಳೆಸಬಹುದೇ?

ಈ ಪ್ರಶ್ನೆ ತಪ್ಪುವುದಿಲ್ಲ. ನೀಲಕುರಿಂಜಿ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ಕಾಯ್ದೆಯ 17ಎ ಕಲಂ ಪ್ರಕಾರ ಕಾಡಿನಿಂದ ಇಂಥ ಗಿಡವನ್ನು ಕೀಳುವುದು, ಕೀಳಿಸುವುದು, ಸಂಗ್ರಹಿಸುವುದು, ಮಾರುವುದು ಎಲ್ಲವೂ ಅಪರಾಧ. ಪರವಾನಗಿಯಿಲ್ಲದೆ ಬೆಳೆಸುವುದಕ್ಕೂ ನಿಷೇಧವಿದೆ. ಹೂಗೊಂಚಲನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿಕೊಂಡು ಬರುವವರಿಗೆ ಇದು ಗೊತ್ತಿರುವಂತಿಲ್ಲ. 2024ರಲ್ಲಿ, ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟೆಂದು ಹೇಳುವ ಜಾಗತಿಕ ಐಯುಸಿಎನ್ ಕೆಂಪು ಪಟ್ಟಿಯೂ ಇದನ್ನು ಅಪಾಯಕ್ಕೀಡಾಗಬಲ್ಲ ಜಾತಿಗಳ ಸಾಲಿಗೆ ಸೇರಿಸಿತು.

ಕಾನೂನು ಬದಿಗಿಟ್ಟರೂ ಬೆಂಗಳೂರು ಇದಕ್ಕೆ ಒಗ್ಗುವ ಜಾಗವಲ್ಲ. ನಗರ ಇರುವುದು ಸುಮಾರು 920 ಮೀಟರ್‌ನಲ್ಲಿ. ಮುಳ್ಳಯ್ಯನಗಿರಿಯ ನೆತ್ತಿಗಿಂತ ಸಾವಿರ ಮೀಟರ್ ಕೆಳಗೆ ಎಂದರೆ ಸುಮಾರು ಆರು ಡಿಗ್ರಿ ಹೆಚ್ಚು ಬಿಸಿ. ತಾರಸಿಯ ಕುಂಡದಲ್ಲಿ ಬೇರು ಕಾಯುತ್ತದೆ, ಮಂಜಿಲ್ಲ, ನೀರು ಹಾಕಿದರೆ ನಿಲ್ಲುತ್ತದೆ. ಆ ಕುಟುಂಬದ ನೀಲಿ ಬೇಕೇ ಬೇಕೆಂದರೆ ನರ್ಸರಿಯಲ್ಲಿ ಸಿಗುವ ನೀಲಿ ಗೋರಂಟೆ ಇದೆ, ವರ್ಷವರ್ಷವೂ ಹೂಬಿಡುತ್ತದೆ.

ದಾಖಲೆಯನ್ನು, ಗಿಡ ಪ್ರಾಣಿಗಳ ವೀಕ್ಷಣೆಯನ್ನು ಜನರೇ ಸೇರಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಸೇರಿಸಿ. ಪ್ರವಾಸಿಗರ ಹಾದಿಯಿಂದ ದೂರದ ಜಾಗವಾದರೆ ಸ್ಥಳವನ್ನು ಮಸುಕುಗೊಳಿಸುವ ಆಯ್ಕೆ ಒತ್ತಿ; ಇನ್‌ಸ್ಟಾಗ್ರಾಮ್‌ಗೆ ಜಿಯೊಟ್ಯಾಗ್ ಹಾಕಲೇಬೇಡಿ. ಗೀಟಿನ ಪುಸ್ತಕದ ಅದೇ ಪುಟದಲ್ಲಿ ನೂರು ಮೀಟರಿನ ಮೊದಲ ತುದಿಗೆ ಕಾಣುವ ಕದಲದ ಗುರುತೊಂದನ್ನು, ಒಂದು ಬಂಡೆಯನ್ನೋ ತಿರುವಿನ ಮೈಲಿಗಲ್ಲನ್ನೋ, ಬರೆದು ಅಲ್ಲಿ ನಿಂತು ಒಂದು ಚಿತ್ರ ತೆಗೆದಿಡಿ. ಮರುವರ್ಷ ನವೆಂಬರಿನ ಅದೇ ವಾರ, ಅದೇ ತುದಿಯಿಂದ, ಅದೇ ದಿಕ್ಕಿಗೆ ಹಗ್ಗ ಬಿಡಿ.